ಹಸುವಿನ ಕೊರಳಿಗೆ ಜಿಪಿಎಸ್, ಅಜ್ಜಿಯ ಕೈಯಲ್ಲಿ ಕಣ್ಣಿ

ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದಾಗ ಗೆಳೆಯನೊಬ್ಬ ನ್ಯೂಜಿಲೆಂಡಿನ ಒಂದು ವಿಡಿಯೊ ತೋರಿಸಿದ. ಹಸಿರು ಬಯಲು, ನೂರಾರು ಹಸು, ನಡುವೆ ಒಂದೆಳೆ ತಂತಿಯೂ ಇಲ್ಲ. ರೈತ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಬೆರಳಿಂದ ಒಂದು ಗೆರೆ ಎಳೆಯುತ್ತಾನೆ. ಹಸುಗಳು ಆ ಗೆರೆಯ ಒಳಗೇ ಮೇಯುತ್ತವೆ. ಹಾಲು ಕರೆಯುವ ಹೊತ್ತಿಗೆ ತಾವಾಗಿಯೇ ಸಾಲು ಹಿಡಿದು ಬರುತ್ತವೆ. ವರ್ಚುವಲ್ ಫೆನ್ಸಿಂಗ್ ಅಂದರೆ ಇದು. ನನಗೆ ತಕ್ಷಣ ನೆನಪಾದದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಮ್ಮ ತೋಟ, ಅದರ ಬದುವಿನ ಮೇಲೆ ಸೀಮೆಹಸುವಿನ ಕಣ್ಣಿ ಹಿಡಿದು ದಿನಕ್ಕೆ ಮೂರು ಗಂಟೆ ನಿಲ್ಲುವ ನನ್ನ ಅಜ್ಜಿ. ಇದನ್ನೇ ಮಾಡೋಣ ಅಂದೆ. ಮೂವರು ಗೆಳೆಯರೂ ಒಪ್ಪಿದರು. ಗೈಡ್‌ಗೂ ಇಷ್ಟವಾಯಿತು. ಶೀರ್ಷಿಕೆಯಲ್ಲಿ 'ಸ್ಮಾರ್ಟ್' ಇತ್ತಲ್ಲ!

ಇದು ಕೆಲಸ ಮಾಡುವ ರೀತಿ ಸರಳ. ಹಸುವಿನ ಕೊರಳಪಟ್ಟಿಯಲ್ಲಿ ಜಿಪಿಎಸ್, ಬ್ಯಾಟರಿ, ಪುಟ್ಟ ಸೋಲಾರ್ ಫಲಕ ಇರುತ್ತವೆ. ಹಸು ಗೆರೆಯ ಹತ್ತಿರ ಬಂದರೆ ಪಟ್ಟಿ ಸದ್ದು ಮಾಡುತ್ತದೆ. ಸದ್ದು ಕೇಳಿಯೂ ಮುಂದಕ್ಕೆ ಹೋದರೆ ಚಿಕ್ಕದೊಂದು ವಿದ್ಯುತ್ ಹೊಡೆತ. ಅದು ಮಾಮೂಲಿ ವಿದ್ಯುತ್ ಬೇಲಿಯ ಹೊಡೆತಕ್ಕಿಂತ ಬಹಳ ಕಡಿಮೆ. ಕೆಲವೇ ದಿನಗಳಲ್ಲಿ ಹಸು ಸದ್ದಿಗೇ ತಿರುಗಿ ನಿಲ್ಲಲು ಕಲಿಯುತ್ತದೆ. ನಾರ್ವೆಯ ನೋಫೆನ್ಸ್ ಕಂಪನಿ ಇದನ್ನು ಮೊದಲು ಮೇಕೆಗಳಿಗೆ ಮಾಡಿತು. ನ್ಯೂಜಿಲೆಂಡಿನಲ್ಲಿ ಕ್ರೇಗ್ ಪಿಗೊಟ್ ಎಂಬ ಡೇರಿ ರೈತರ ಮಗ 2016ರಲ್ಲಿ ಹಾಲ್ಟರ್ ಕಂಪನಿ ಶುರು ಮಾಡಿದ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಕೂಡ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅಂದರೆ ಇದು ಕಟ್ಟುಕತೆಯಲ್ಲ, ಅಲ್ಲಿ ನಡೆಯುತ್ತಿರುವ ಕೆಲಸ.

ನಮ್ಮ ತೋಟದಲ್ಲಿ ನಡೆಯುತ್ತದೆಯೇ ಎಂದು ನೋಡಲು ಒಂದು ಭಾನುವಾರ ನನ್ನ ಫೋನನ್ನೇ ಬಟ್ಟೆಚೀಲದಲ್ಲಿ ಹಾಕಿ ಹಸುವಿನ ಕೊರಳಿಗೆ ಕಟ್ಟಿದೆ. ಹೋದ ದಾರಿಯನ್ನು ನಕ್ಷೆಯ ಮೇಲೆ ಗುರುತಿಸುವ ಒಂದು ಆ್ಯಪ್ ಹಾಕಿದ್ದೆ. ಎರಡು ಗಂಟೆ ಬಿಟ್ಟು ತೆಗೆದು ನೋಡಿದರೆ, ಹಸು ಇಪ್ಪತ್ತು ನಿಮಿಷ ಪಕ್ಕದವರ ರಾಗಿ ಹೊಲದಲ್ಲಿ ಇತ್ತು! ಒಮ್ಮೆ ನೆಗೆದು ಪಂಪ್‌ಹೌಸ್ ಮೇಲೂ ನಿಂತಿತ್ತು. ಅಜ್ಜಿಯನ್ನು ಕೇಳಿದೆ. "ಕಣ್ಣಿ ನನ್ ಕೈಲೇ ಇತ್ತಲ್ಲೋ. ಬದು ಬಿಟ್ಟು ಒಂದ್ ಹೆಜ್ಜೆ ಆಚೆ ಇಟ್ಟಿಲ್ಲ. ಅದಕ್ಕೆ ಸಾಕ್ಷಿ ಹೇಳಕ್ಕೆ ನಿನ್ ಫೋನ್ ಬೇಕೇನ್ಲಾ?"

ಲೆಕ್ಕ ಹಾಕಿದರೆ ತಪ್ಪು ಫೋನಿನದಲ್ಲ. ಬಯಲಲ್ಲಿ, ತಲೆಯ ಮೇಲೆ ಆಕಾಶ ಪೂರ್ತಿ ತೆರೆದಿದ್ದಾಗಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಅತ್ತಿತ್ತ ಹೇಳುತ್ತದೆ. ಮರದ ಕೆಳಗೆ ಇನ್ನೂ ಹೆಚ್ಚು. 5 ಮೀಟರ್ ಅಂದರೆ 16 ಅಡಿ. ನಮ್ಮಲ್ಲಿ ತೆಂಗಿನಿಂದ ತೆಂಗಿಗೆ 30 ಅಡಿ ಬಿಡುತ್ತಾರೆ. ಪಾಲಾಗಿ ಪಾಲಾಗಿ ನಮ್ಮ ಭಾಗಕ್ಕೆ ಉಳಿದ ತೋಟದ ಅಗಲ ನಾಲ್ಕು ಸಾಲು ತೆಂಗು. ಹಸು ಮೇಯುವುದು ಆ ತೋಟದಲ್ಲೂ ಅಲ್ಲ, ಅಲ್ಲಿ ಡ್ರಿಪ್ ಪೈಪ್ ಇದೆ. ಮೇಯುವುದು ಬದುವಿನ ಮೇಲೆ, ಅದರ ಅಗಲ ನಾಲ್ಕು ಅಡಿ. ನಾಲ್ಕಡಿಯ ಹುಲ್ಲುಗಾವಲಿಗೆ ಹದಿನಾರು ಅಡಿ ತಪ್ಪುವ ಬೇಲಿ! ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುವ ಜಿಪಿಎಸ್ ಇದೆ, ಆದರೆ ಒಂದು ಹಸು ಸಾಕುವವರು ಕೊಳ್ಳುವಂಥದ್ದಲ್ಲ.

ನನಗೆ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಆ ಚೀಲದಲ್ಲಿ ಫೋನಿನ ಬದಲು ಹೊಡೆತ ಕೊಡುವ ಪಟ್ಟಿ ಇದ್ದಿದ್ದರೆ? ಸರಿಯಾದ ಜಾಗದಲ್ಲೇ ನಿಂತು ಮೇಯುತ್ತಿದ್ದ ಹಸು ಸುಮ್ಮಸುಮ್ಮನೆ ಹೊಡೆತ ತಿನ್ನುತ್ತಿತ್ತು. ಎಲ್ಲಿ ಹೋದರೆ ಹೊಡೆತ, ಎಲ್ಲಿ ನಿಂತರೆ ಇಲ್ಲ ಎನ್ನುವುದು ಹಸುವಿಗೆ ಖಚಿತವಾಗಿ ಗೊತ್ತಾಗುವುದರ ಮೇಲೆಯೇ ಈ ವಿದ್ಯೆ ನಿಂತಿದೆ. ಅದಿಲ್ಲದಿದ್ದರೆ ಅದು ಬೇಲಿಯಲ್ಲ, ಹಿಂಸೆ. ಇನ್ನು ಬ್ಯಾಟರಿ ಮುಗಿದು ಹಸು ನಿಜವಾಗಿಯೂ ರಾಗಿಗೆ ನುಗ್ಗಿದರೆ ದಂಡ ಕಟ್ಟಬೇಕಾದವರು ಯಾರು? 1966ರ ಕರ್ನಾಟಕ ಜಾನುವಾರು ಅತಿಕ್ರಮಣ ಕಾಯ್ದೆ ಹಿಡಿಯುವುದು ಹಸುವಿನ ಯಜಮಾನರನ್ನು. ದೊಡ್ಡಿಯಿಂದ ಬಿಡಿಸಿಕೊಂಡು ಬರಲು ಸಾಫ್ಟ್‌ವೇರ್ ಕಂಪನಿಯವರು ಬರುವುದಿಲ್ಲ.

ಹಾಗಾದರೆ ಈ ತಂತ್ರಜ್ಞಾನ ನಮ್ಮ ಸೀಮೆಗೆ ಬೇಡವೇ? ಜಾಗ ಇದ್ದಿದ್ದರೆ ಖಂಡಿತ ಬೇಕಿತ್ತು. ಬೇಲಿಯಿಲ್ಲದೆ ದನ ಮೇಯಿಸುವುದು ನಮಗೇನು ಹೊಸತಲ್ಲ. ತುಮಕೂರು, ಹಾಸನ, ಚಿತ್ರದುರ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದ ಅಮೃತ ಮಹಲ್ ಕಾವಲುಗಳ ಹೆಸರಲ್ಲೇ ಅದು ಇದೆ. ಅವು ಬೇಲಿ ಹಾಕಿದ ಜಾಗಗಳಲ್ಲ, ಕಾವಲು ಇಟ್ಟ ಜಾಗಗಳು. ಮೈಸೂರಿನ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ವಿಂಗಡಿಸಿ, ಹುಲ್ಲಿಗೆ ಚಿಗುರಲು ಬಿಡುವು ಕೊಟ್ಟು ಹಿಂಡನ್ನು ಸಾಗಿಸುತ್ತಿದ್ದರು. ಇವತ್ತು ಮೊಬೈಲಿನಲ್ಲಿ ಗೆರೆ ಸರಿಸಿ ಸರಿಸಿ ಮೇಯಿಸುವವರು ಮಾಡುತ್ತಿರುವುದೂ ಇದನ್ನೇ. ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದ ಕಾವಲುಗಳಲ್ಲಿ ಈಗ ಉಳಿದಿರುವುದು ಸಣ್ಣ ಪಾಲು. ಚಳ್ಳಕೆರೆಯ ಹತ್ತಿರದ ಕಾವಲಿನಲ್ಲಿ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಸಾವಿರಾರು ಎಕರೆ ಕೊಟ್ಟು ಗೋಡೆ ಎದ್ದಾಗ, ಅಲ್ಲಿ ಕುರಿ ದನ ಮೇಯಿಸುತ್ತಿದ್ದ ಊರಿನವರು ಹಸಿರು ನ್ಯಾಯಮಂಡಳಿಯ ತನಕ ಹೋಗಬೇಕಾಯಿತು. ಅಂಥ ಸಂಸ್ಥೆಗಳಲ್ಲಿ ಒಂದು ಸೀಟು ಸಿಕ್ಕರೆ ಸಾಕು ಎಂದು ಓದುತ್ತಿರುವವರಲ್ಲಿ ನಾನೂ ಒಬ್ಬ ಎಂಬುದನ್ನು ಮುಚ್ಚಿಡುವುದಿಲ್ಲ.

ಗೋಮಾಳದ ಕತೆಯೂ ಇದೇ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ನಮ್ಮೂರಿನ ಗೋಮಾಳ ಸ್ವಲ್ಪ ಸೈಟುಗಳಿಗೆ, ಸ್ವಲ್ಪ ಬಗರ್ ಹುಕುಂಗೆ ಹೋಗಿ, ಉಳಿದಿರುವುದು ಜಾಲಿ ಬೆಳೆದ ಒಂದು ದಿಬ್ಬ. ಜಾಲಿಯ ಸುತ್ತ ಮೊಬೈಲಿನಲ್ಲಿ ಗೆರೆ ಎಳೆದರೆ ಹುಲ್ಲು ಬರುತ್ತದೆಯೇ?

ಆ ರಜೆಯಲ್ಲಿ ಒಂದು ವಾರ ನಾನೇ ಕಣ್ಣಿ ಹಿಡಿದೆ. ಮೊದಲ ದಿನ ಫೋನ್ ನೋಡುತ್ತ ನಿಂತಿದ್ದೆ. ಅಜ್ಜಿ ದೂರದಿಂದಲೇ ಕೂಗಿದರು, "ಅದು ಬೆಳಿಗ್ಗೆಯಿಂದ ಸರಿಯಾಗಿ ಮೆಲುಕು ಹಾಕ್ತಿಲ್ಲ, ನೋಡಿದೇನೋ?" ನಾನು ನೋಡಿರಲಿಲ್ಲ. ಸಗಣಿ ತೆಳುವಾದದ್ದು, ಹಿಂಡಿ ಅರ್ಧ ಬಿಟ್ಟದ್ದು, ಬೆದೆಗೆ ಬಂದು ಒಂದೇ ಸಮ ಕೂಗುವುದು, ಎಲ್ಲವೂ ಅವರಿಗೆ ಗೊತ್ತಾಗುವುದು ಆ ಮೂರು ಗಂಟೆಯಲ್ಲೇ. ಆದರೆ ಅದೇ ಮೂರು ಗಂಟೆ ಅವರ ಮಂಡಿಯನ್ನೂ ತಿಂದಿದೆ. ಗೂಟಕ್ಕೆ ಕಟ್ಟಿ ಕೂರಬಾರದೇ ಎಂದರೆ, ಹಿಂದೊಮ್ಮೆ ಗೂಟ ಕಿತ್ತುಕೊಂಡು ಹೋಗಿ ಪಕ್ಕದವರ ರಾಗಿ ಮೇದು, ಎರಡು ಮನೆಗಳ ನಡುವೆ ವರ್ಷ ಮಾತು ನಿಂತಿತ್ತು. "ನನ್ ಕಾಲು ಹೋದ್ ದಿನ ಹಸೂನೂ ಹೋಗುತ್ತೆ, ಹೊಡ್ಕೊಂಡ್ ಹೋಗೋರು ಸಂತೇಲಿ ಇದ್ದಾರೆ" ಅನ್ನುತ್ತಾರೆ. ಡೇರಿಯ ಬಟವಾಡೆಯಲ್ಲೇ ನನ್ನ ಹಾಸ್ಟೆಲ್ ಮೆಸ್ ಬಿಲ್ ನಡೆಯುತ್ತಿದೆ. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಕಾಲೇಜಿಗೆ ವಾಪಸಾದ ಮೇಲೆ ಪ್ರಾಜೆಕ್ಟ್ ಬದಲಿಸಿದೆವು. ಜಿಪಿಎಸ್ ಇಲ್ಲ, ಹೊಡೆತ ಇಲ್ಲ, ಬೇಲಿಯೇ ಇಲ್ಲ. ಕೊರಳಪಟ್ಟಿಯಲ್ಲಿ ಅಲುಗಾಟ ಅಳೆಯುವ ಒಂದು ಸೆನ್ಸರ್. ಕಣ್ಣಿಯ ತುದಿಯಲ್ಲಿ ಒಂದು ಪಿನ್, ಗೂಟ ಕಿತ್ತರೆ ಪಿನ್ ಕಳಚಿ ಅಜ್ಜಿಯ ಬಟನ್ ಫೋನಿಗೆ ರಿಂಗ್ ಹೋಗುತ್ತದೆ. ಅವರು ಜಗಲಿಯಲ್ಲಿ ಕೂತು ಹಸುವನ್ನು ನೋಡಬಹುದು, ಅಷ್ಟೇ. ಸೆನ್ಸರ್ ಇರುವುದು ಬೆದೆಯ ಲೆಕ್ಕಕ್ಕೆ. ಬೆದೆ ಬರುವುದು 21 ದಿನಕ್ಕೊಮ್ಮೆ, ಇರುವುದು ಒಂದು ದಿನಕ್ಕೂ ಕಡಿಮೆ. ರಾತ್ರಿ ಬಂದು ಹೋಗಿ, ಇಂಜೆಕ್ಷನ್ ಕೊಡಿಸುವುದು ತಪ್ಪಿದರೆ ಮತ್ತೆ 21 ದಿನದ ಮೇವು, ಹಿಂಡಿ ದಂಡ. "ಇದರಲ್ಲಿ ಹೊಸತೇನಿದೆ?" ಎಂದರು ಗೈಡ್. ಹೊಸತಿಲ್ಲ, ನಿಜ. ಬೆಂಗಳೂರಿನ ಸ್ಟೆಲ್ಆಪ್ಸ್ ಕಂಪನಿ ಹಸುವಿನ ಕಾಲಿಗೆ ಕಟ್ಟುವ ಹೆಜ್ಜೆಮಾಪಕ ಮಾಡಿ ವರ್ಷಗಳಾದವು. ಅಂಕ ಕಡಿಮೆ ಬರಬಹುದು. ರೆಸ್ಯೂಮೆಯಲ್ಲಿ 'ಎಐ ಆಧಾರಿತ ವರ್ಚುವಲ್ ಫೆನ್ಸಿಂಗ್' ಎಂದು ಬರೆದುಕೊಂಡಷ್ಟು ಚೆನ್ನಾಗಿಯೂ ಕಾಣುವುದಿಲ್ಲ. ಆದರೆ ಪ್ರದರ್ಶನದ ದಿನ ಮೇಜಿನ ಮೇಲೆ ಮಿನುಗಿ, ಮಾರನೆಯ ದಿನ ಡಬ್ಬ ಸೇರುವ ಪ್ರಾಜೆಕ್ಟುಗಳನ್ನು ನಾವು ಬೇಕಾದಷ್ಟು ಮಾಡಿಯಾಗಿದೆ. ಬಳಸಬೇಕಾದವರನ್ನು ಕೇಳದೆ ಮಾಡಿದವು ಅವು. ನಾನೂ ಕೇಳಿರಲಿಲ್ಲ, ವಿಡಿಯೊ ನೋಡಿದ್ದೆ.

ಮೊದಲ ಪಟ್ಟಿ ಮೂರೇ ದಿನ ಬಾಳಿತು. ಹಸು ತೆಂಗಿನ ಬುಡಕ್ಕೆ ಕೊರಳು ಉಜ್ಜಿ ಡಬ್ಬಿ ಒಡೆದಿತ್ತು. ಎರಡನೆಯದನ್ನು ಪಿವಿಸಿ ಪೈಪಿನ ತುಂಡಿನೊಳಗೆ ಕೂರಿಸಿದೆವು. ಆಗ ಗೊತ್ತಾಯಿತು, ನಾವು ಹಾಕಿದ್ದ ಅಗ್ಗದ ಮಾಡ್ಯೂಲ್ 2ಜಿಯದು, ನಮ್ಮ ತೋಟದಲ್ಲಿ ಸಿಗುವುದು 4ಜಿ ಮಾತ್ರ. ಅದನ್ನೂ ಬದಲಿಸಿದೆವು. ಈಗ ರಿಂಗ್ ಬರುತ್ತಿದೆ, ಅಜ್ಜಿ ಕೂತಿದ್ದಾರೆ. ಬೆದೆಯ ಲೆಕ್ಕ ಮಾತ್ರ ಇನ್ನೂ ಕೂಡಿಬಂದಿಲ್ಲ. ಕಳೆದ ಸಲ ಅಜ್ಜಿ ಬೆದೆ ಎಂದ ದಿನ ನಮ್ಮ ಯಂತ್ರ ಸುಮ್ಮನಿತ್ತು. ಅಲ್ಲಿಂದ ಇಪ್ಪತ್ತೊಂದನೇ ದಿನ ಬರುವ ಭಾನುವಾರ. ಶನಿವಾರ ಸಂಜೆಯ ಬಸ್ಸಿಗೇ ಊರಿಗೆ ಹೊರಟಿದ್ದೇನೆ.