ಅಧ್ಯಕ್ಷೆಯ ಲೆಕ್ಕದ ಪುಸ್ತಕ

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ ಮುಂದಿನ ವಾರ ಪೋಷಕರ ಸಭೆಯಲ್ಲಿ ಆಯ್ಕೆ ನಡೆಯಲಿದೆ. ನನಗೆ ಅಲ್ಲಿ ಮತವಿಲ್ಲ. ನನ್ನ ಮಕ್ಕಳು ಓದು ಮುಗಿಸಿ ಎಷ್ಟೋ ವರ್ಷಗಳಾದವು. ಆದರೂ ಪಕ್ಕದ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಈ ಶಾಲೆಯಿಂದ ಬಂದ ಮಕ್ಕಳೇ ನನ್ನ ಎಂಟನೆಯ ತರಗತಿಯಲ್ಲಿ ಕುಳಿತಿರುತ್ತಿದ್ದರು. ಆ ಸಲಿಗೆಯಿಂದ ಎರಡು ಮಾತು ಬರೆಯುತ್ತಿದ್ದೇನೆ. ಓದುಗ ಮಿತ್ರರು ಮನ್ನಿಸಬೇಕು.

ಹಿಂದಿನ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ತಂದೆತಾಯಿಯರ ದನಿಯನ್ನು ನಾನು ಕೇಳಿದ್ದು ಅಪರೂಪ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿತು. ಸಮಿತಿಯ ಹೆಸರಿನಲ್ಲಿರುವ ‘ಅಭಿವೃದ್ಧಿ’ ಎಂಬ ಪದ ಎಲ್ಲರಿಗೂ ಪ್ರಿಯ. ‘ಮೇಲುಸ್ತುವಾರಿ’ ಯಾರಿಗೂ ಬೇಡ. ಈಗಿನ ಅಧ್ಯಕ್ಷೆ ಕೈಗೆತ್ತಿಕೊಂಡದ್ದು ಈ ಎರಡನೆಯದನ್ನು.

ಆಕೆ ಓದಿದ್ದು ಏಳನೆಯ ತರಗತಿ. ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುತ್ತಾರೆ. ಬಿಸಿಯೂಟಕ್ಕೆ ಒಂದರಿಂದ ಐದನೆಯ ತರಗತಿಯವರೆಗೆ ಮಗುವೊಂದಕ್ಕೆ 100 ಗ್ರಾಂ, ಅದರ ಮೇಲಿನವರಿಗೆ 150 ಗ್ರಾಂ ಧಾನ್ಯವೆಂಬ ನಿಯಮವನ್ನು ಕೇಳಿ ತಿಳಿದುಕೊಂಡರು. ಕಿರಿಯರು 40, ಹಿರಿಯರು 20 ಮಂದಿ ಬಂದ ದಿನ ಏಳು ಕಿಲೋ ತೂಗಬೇಕು. ಪ್ರತಿದಿನದ ಹಾಜರಾತಿಯನ್ನು ಬಾಗಿಲ ಬಳಿಯ ಕಪ್ಪು ಹಲಗೆಯಲ್ಲಿ ಬರೆಸಿ, ಸರದಿಯಂತೆ ಒಬ್ಬ ತಾಯಿಯ ಎದುರಿಗೆ ಅಕ್ಕಿ ತೂಗಿಸುವ ಏರ್ಪಾಡು ಮಾಡಿದರು. “ಮೇಷ್ಟ್ರೇ, ಡೇರೀಲಿ ನೂರು ಮಿಲಿ ಕಮ್ಮಿ ಬರೆದ್ರೂ ಕೇಳ್ತೀವಿ. ಮಕ್ಕಳ ಅನ್ನಕ್ಕೆ ಯಾಕೆ ಕೇಳಬಾರದು?” ಎಂದು ಒಮ್ಮೆ ನನ್ನನ್ನೇ ಪ್ರಶ್ನಿಸಿದ್ದರು. ಮೊದಲು ಕಳ್ಳತನವಿತ್ತೆಂದು ನಾನು ಹೇಳುತ್ತಿಲ್ಲ. ಮೊದಲು ಯಾರೂ ಕೇಳುತ್ತಿರಲಿಲ್ಲ, ಅಷ್ಟೆ.

ತಿಂಗಳಿಗೊಂದು ಶನಿವಾರ ಪೋಷಕರ ಎದುರಿನಲ್ಲಿ ಪ್ರತಿ ಮಗುವೂ ಒಂದು ಪುಟ ಗಟ್ಟಿಯಾಗಿ ಓದಬೇಕೆಂಬುದೂ ಆಕೆಯ ಹಟವೇ. ಎಂಟನೆಯ ತರಗತಿಗೆ ಬಂದರೂ ಲೆಕ್ಕದ ಪ್ರಶ್ನೆಯನ್ನೇ ಓದಲಾಗದೆ ತಲೆ ತಗ್ಗಿಸಿ ನಿಂತ ಹುಡುಗರನ್ನು ನಾನು ಕಂಡಿದ್ದೇನೆ. ಅವರನ್ನು ದಡ್ಡರೆಂದು ಗದರಿದ್ದೂ ಉಂಟು. ಅಂಥದೊಂದು ಶನಿವಾರ ಆಗ ಇದ್ದಿದ್ದರೆ ಆ ಪಾಪ ನನಗೆ ತಟ್ಟುತ್ತಿರಲಿಲ್ಲ.

ಆಕೆಯ ಮೇಲಿರುವ ದೂರುಗಳಲ್ಲಿ ಸತ್ಯವೇ ಇಲ್ಲವೆನ್ನಲಾರೆ. ಸಮಿತಿಯದು ಜಂಟಿ ಖಾತೆ. ಬಿಲ್ಲು ನೋಡದೆ ಚೆಕ್ಕಿಗೆ ರುಜು ಹಾಕುವುದಿಲ್ಲವೆಂದು ಕುಳಿತದ್ದರಿಂದ ಹೆಣ್ಣುಮಕ್ಕಳ ಶೌಚಾಲಯದ ದುರಸ್ತಿ ಎರಡು ತಿಂಗಳು ತಡವಾಯಿತು. ಅದು ತಪ್ಪು, ಅಂದಾಜುಪಟ್ಟಿ ತರಿಸಿಕೊಂಡು ಕೆಲಸ ಶುರು ಮಾಡಿಸಬಹುದಿತ್ತು. ಮಾತೂ ತುಸು ಒರಟು. ಆದರೆ ಇಂಗ್ಲಿಷ್ ಮಾಧ್ಯಮ ತರಲಿಲ್ಲವೆಂಬ ಆರೋಪವನ್ನು ಒಪ್ಪಲಾರೆ. 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆ ವಿಭಾಗ ಆರಂಭವಾದದ್ದು ಸರ್ಕಾರದ ತೀರ್ಮಾನದಿಂದ. ಊರಿನ ಸಮಿತಿಯ ಅಧ್ಯಕ್ಷರ ರುಜುವಿನಿಂದಲ್ಲ. ಎದುರು ನಿಂತವರು ಶಾಲೆಗೆ ಕಮಾನು ಕಟ್ಟಿಸುವುದಾಗಿ ಹೇಳುತ್ತಿದ್ದಾರೆ. ಕಟ್ಟಿಸಲಿ, ಸಂತೋಷ. ಆದರೆ ಹಲಗೆಯ ಮೇಲಿನ ಹಾಜರಾತಿ, ಶನಿವಾರದ ಓದು ಮುಂದುವರಿಯುವುದೇ ಎಂದು ಕೇಳಿದರೆ ಉತ್ತರವಿಲ್ಲ.

ಆಕೆಯ ಕಿರಿಯ ಮಗಳು ಈಗ ನಾಲ್ಕನೆಯ ತರಗತಿ. ಅವಳು ಏಳನೆಯದನ್ನು ಮುಗಿಸಿ ಹೊರಟರೆ ತಾಯಿಯ ಸದಸ್ಯತ್ವವೂ ಮುಗಿಯುತ್ತದೆ. ಆಕೆ ಬಯಸಿದರೂ ಆಮೇಲೆ ಸಿಗುವವರಲ್ಲ. ಒಳ್ಳೆಯ ಅಭ್ಯಾಸವೊಂದು ಊರಿನಲ್ಲಿ ಬೇರೂರಲು ಇನ್ನೊಂದು ಅವಧಿಯಾದರೂ ಬೇಕು. ಮತವಿರುವ ತಂದೆತಾಯಿಯರು ಸಭೆಗೆ ಹೋಗುವ ಮುನ್ನ ತಮ್ಮ ಮಗುವಿನಿಂದ ಒಂದು ಪುಟ ಓದಿಸಿ ಕೇಳಲಿ. ಅನಂತರ ಯಾರಿಗೆ ಬೇಕಾದರೂ ಕೈ ಎತ್ತಲಿ. ಈ ಮುದಿ ಮೇಷ್ಟ್ರ ತಕರಾರಿಲ್ಲ.