ಆಯುಧ ರಫ್ತು ಏರುತ್ತಿದೆ, ಕಾವಲು ಯಾರದು?

ದೇವನಹಳ್ಳಿ: ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಜುಲೈ 15ರಂದು ಘೋಷಿಸಿದಾಗ ರೈತರ ಧರಣಿ 1,198 ದಿನ ಪೂರೈಸಿತ್ತು. ರಕ್ಷಣಾ ಮತ್ತು ವೈಮಾಂತರಿಕ್ಷ ಉದ್ಯಮಕ್ಕೆ ಫಲವತ್ತಾದ ಭೂಮಿಯೇ ಬೇಕೇ ಎಂಬ ಪ್ರಶ್ನೆ ಅಂದು ವಿಧಾನಸೌಧದವರೆಗೂ ಮುಟ್ಟಿತು. ಘೋಷಣೆಯ ಬೆನ್ನಲ್ಲೇ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ಉದ್ಯಮಿಗಳನ್ನು ತಮ್ಮ ರಾಜ್ಯಕ್ಕೆ ಆಹ್ವಾನಿಸಿದ್ದೂ ಸುದ್ದಿಯಾಯಿತು.

ಇಷ್ಟೆಲ್ಲ ಚರ್ಚೆಯ ನಡುವೆ ಯಾರೂ ಕೇಳದೇ ಉಳಿದ ಪ್ರಶ್ನೆಯೊಂದಿದೆ. ಇಂತಹ ಉದ್ಯಾನಗಳಲ್ಲಿ ತಯಾರಾಗುವ ಸರಕು ಅಂತಿಮವಾಗಿ ಯಾವ ದೇಶದ, ಯಾರ ಕೈ ಸೇರುತ್ತದೆ? ಅದನ್ನು ನಿರ್ಧರಿಸುವವರು ಯಾರು? ನಿರ್ಧಾರ ತಪ್ಪಿದರೆ ಉತ್ತರ ಹೇಳಬೇಕಾದವರು ಯಾರು?

ಅಂಕಿ ಅಂಶಗಳು ಹೇಳುವುದೇನು?

ಕೇಂದ್ರ ರಕ್ಷಣಾ ಸಚಿವಾಲಯದ ಪ್ರಕಾರ 2013-14ರಲ್ಲಿ ದೇಶದ ರಕ್ಷಣಾ ರಫ್ತು 686 ಕೋಟಿ ರೂಪಾಯಿ. 2024-25ರಲ್ಲಿ ಅದು 23,622 ಕೋಟಿ ರೂಪಾಯಿಗೆ ಮುಟ್ಟಿತು. ಇದರಲ್ಲಿ ಖಾಸಗಿ ವಲಯದ ಪಾಲು 15,233 ಕೋಟಿ, ಸಾರ್ವಜನಿಕ ಉದ್ದಿಮೆಗಳದು 8,389 ಕೋಟಿ. ಆ ಒಂದೇ ವರ್ಷದಲ್ಲಿ 1,762 ರಫ್ತು ಅನುಮತಿಗಳನ್ನು ನೀಡಲಾಗಿದ್ದು, ಹಿಂದಿನ ವರ್ಷ ಈ ಸಂಖ್ಯೆ 1,507 ಆಗಿತ್ತು. ಸುಮಾರು 80 ದೇಶಗಳಿಗೆ ಸರಕು ಹೋಗುತ್ತಿದೆ. 2029ರ ವೇಳೆಗೆ ರಫ್ತನ್ನು 50,000 ಕೋಟಿಗೆ ಏರಿಸುವುದು ಕೇಂದ್ರದ ಗುರಿ.

ಹೆಮ್ಮೆಪಡಬೇಕಾದ ಬೆಳವಣಿಗೆಯೇ ಇದು. ಆದರೆ 1,762 ಅನುಮತಿಗಳು ಯಾವ ದೇಶಕ್ಕೆ, ಯಾವ ಆಯುಧಕ್ಕೆ ಎಂದು ಸಂಸತ್ತಿನಲ್ಲಿ ಕೇಳಿದರೆ ಸರ್ಕಾರ ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಸೂಕ್ಷ್ಮ ವಿಷಯವಾದ್ದರಿಂದ ವಿವರ ಬಹಿರಂಗಪಡಿಸಲಾಗದು. ಫಿಲಿಪ್ಪೀನ್ಸ್‌ಗೆ ಬ್ರಹ್ಮೋಸ್ ಹಡಗು ನಿರೋಧಕ ಕ್ಷಿಪಣಿ ಮಾರುವ ಸುಮಾರು 37.5 ಕೋಟಿ ಡಾಲರ್ ಒಪ್ಪಂದ 2022ರ ಜನವರಿಯಲ್ಲಿ ಆದಾಗ ಅದನ್ನು ಅಧಿಕೃತವಾಗಿಯೇ ಪ್ರಕಟಿಸಲಾಯಿತು. ಕೀರ್ತಿ ತರುವ ಮಾರಾಟ ಬಹಿರಂಗ, ಮುಜುಗರ ತರಬಹುದಾದುದು ಗೋಪ್ಯ ಎಂಬ ಭಾವನೆ ಸಾರ್ವಜನಿಕರಲ್ಲಿ ಮೂಡಿದರೆ ಅಚ್ಚರಿಯಿಲ್ಲ.

ಅನುಮತಿಯ ಹಾದಿ

ಕಾನೂನೇ ಇಲ್ಲವೆಂದಲ್ಲ. 1992ರ ವಿದೇಶಿ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ಹಾಗೂ 2005ರ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆ ಇದಕ್ಕೆ ಆಧಾರ. ಯಾವ ಸರಕಿಗೆ ಪೂರ್ವಾನುಮತಿ ಬೇಕು ಎಂಬುದನ್ನು ‘ಸ್ಕೋಮೆಟ್’ ಪಟ್ಟಿ ಹೇಳುತ್ತದೆ. ಯುದ್ಧನೌಕೆ, ಫಿರಂಗಿ, ಮದ್ದುಗುಂಡು ಮುಂತಾದ ನೇರ ಯುದ್ಧಸಾಮಗ್ರಿ ಈ ಪಟ್ಟಿಯ ಆರನೇ ವರ್ಗದಲ್ಲಿದ್ದು, 2017ರಿಂದ ಅದರ ಪರವಾನಗಿ ನೀಡುವುದು ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆ. ನಾಗರಿಕ ಮತ್ತು ಸೈನಿಕ ಬಳಕೆ ಎರಡಕ್ಕೂ ಒದಗುವ ಸಂವೇದಕ, ಎಲೆಕ್ಟ್ರಾನಿಕ್ ಸಾಧನ, ವಿಮಾನದ ಬಿಡಿಭಾಗ ಇತ್ಯಾದಿಗಳ ಅರ್ಜಿ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ ಹೋಗುತ್ತದೆ. ಅಂತರ ಸಚಿವಾಲಯ ಸಮಿತಿ ಅದನ್ನು ಪರಿಶೀಲಿಸುತ್ತದೆ. ಸೂಕ್ಷ್ಮ ಪ್ರಕರಣಗಳಲ್ಲಿ ವಿದೇಶಾಂಗ ಸಚಿವಾಲಯದ ಅಭಿಪ್ರಾಯ ಪಡೆಯಲಾಗುತ್ತದೆ.

ಖರೀದಿದಾರ ‘ಅಂತಿಮ ಬಳಕೆದಾರ ಪ್ರಮಾಣಪತ್ರ’ ಬರೆದುಕೊಡಬೇಕು. ಹೇಳಿದ ಕೆಲಸಕ್ಕಷ್ಟೇ ಬಳಸುತ್ತೇನೆ, ಭಾರತದ ಒಪ್ಪಿಗೆ ಇಲ್ಲದೆ ಮೂರನೆಯವರಿಗೆ ದಾಟಿಸುವುದಿಲ್ಲ ಎಂಬುದು ಅದರ ಸಾರ. 2016ರಲ್ಲಿ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟ, 2017ರ ಡಿಸೆಂಬರ್‌ನಲ್ಲಿ ವಾಸೆನಾರ್ ಕೂಟ, 2018ರ ಜನವರಿಯಲ್ಲಿ ಆಸ್ಟ್ರೇಲಿಯಾ ಗುಂಪು ಸೇರಿದ ಭಾರತ, ನಿಯಂತ್ರಣದ ಪಟ್ಟಿಯನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ತಂದಿದೆ ಎಂಬುದನ್ನು ಒಪ್ಪಲೇಬೇಕು. ಆದರೆ 2013ರಲ್ಲಿ ವಿಶ್ವಸಂಸ್ಥೆಯಲ್ಲಿ ಆಯುಧ ವ್ಯಾಪಾರ ಒಪ್ಪಂದ ಮತಕ್ಕೆ ಬಂದಾಗ, ಅದು ರಫ್ತು ಮಾಡುವ ದೇಶಗಳ ಪರ ವಾಲಿದೆ ಎಂದು ಭಾರತ ಮತದಾನದಿಂದ ದೂರ ಉಳಿಯಿತು. ಆಗ ನಾವು ಮುಖ್ಯವಾಗಿ ಕೊಳ್ಳುವವರು. ಇಂದು ಮಾರುವವರ ಸಾಲಿನಲ್ಲೂ ಇದ್ದೇವೆ. ಹಳೆಯ ವಾದವನ್ನು ಹೊಸದಾಗಿ ತೂಗಿ ನೋಡುವ ಕಾಲ ಬಂದಿದೆ.

ಈ ಇಡೀ ಹಾದಿಯಲ್ಲಿ ಅರ್ಜಿ ಹಾಕುವವನೂ ಅನುಮತಿ ಕೊಡುವವನೂ ಹಲವು ವೇಳೆ ಒಂದೇ ಮನೆಯವರು. ರಫ್ತು ಹೆಚ್ಚಿಸುವ ಹೊಣೆ ಹೊತ್ತ ಇಲಾಖೆಯೇ ರಫ್ತಿಗೆ ಕಡಿವಾಣ ಹಾಕುವ ಹೊಣೆಯನ್ನೂ ಹೊತ್ತಿದೆ. ಬಿಇಎಲ್, ಎಚ್‌ಎಎಲ್‌ಗಳ ಆಡಳಿತ ಇಲಾಖೆಯೂ ಅದೇ.

ಜಿಲ್ಲೆಗೂ ಸಮುದ್ರಕ್ಕೂ ಏನು ನಂಟು?

‘ಬೆಂಗಳೂರು ಉತ್ತರ’ ಎಂದು ಹೆಸರು ಬದಲಿಸಲು 2025ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿದ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಕಡಲ ತೀರವಿಲ್ಲ. ಆದರೆ ನಂಟಿದೆ. ಜಾಲಹಳ್ಳಿಯ ಬಿಇಎಲ್ ನೌಕೆಗಳಿಗೆ ಬೇಕಾದ ರೇಡಾರ್ ಮತ್ತು ಸೋನಾರ್ ತಯಾರಿಸುತ್ತದೆ. ಅದರ ಕರಾವಳಿ ಕಣ್ಗಾವಲು ರೇಡಾರ್‌ಗಳು ಮಾರಿಷಸ್, ಸೀಷೆಲ್ಸ್, ಶ್ರೀಲಂಕಾ, ಮಾಲ್ಡೀವ್ಸ್ ತೀರಗಳಲ್ಲಿವೆ. ಬೋಯಿಂಗ್‌ನ ಪಿ-8 ಕಡಲ ಕಾವಲು ವಿಮಾನಕ್ಕೆ ಬೆಂಗಳೂರಿನ ಡೈನಾಮ್ಯಾಟಿಕ್ ಟೆಕ್ನಾಲಜೀಸ್ ಬಿಡಿಭಾಗ ಪೂರೈಸಿದೆ. ದೇವನಹಳ್ಳಿಯಲ್ಲಿ 43 ಎಕರೆಯಲ್ಲಿ 1,600 ಕೋಟಿ ರೂಪಾಯಿ ವೆಚ್ಚದ ಬೋಯಿಂಗ್ ಕೇಂದ್ರವನ್ನು ಪ್ರಧಾನಿ 2024ರ ಜನವರಿ 19ರಂದು ಉದ್ಘಾಟಿಸಿದರು. ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ಹೊಸಕೋಟೆಯ ಕೈಗಾರಿಕಾ ಪ್ರದೇಶಗಳ ಸಣ್ಣ ಯಂತ್ರಾಗಾರಗಳೂ ಇಂತಹ ದೊಡ್ಡ ಸರಪಳಿಯ ಕೊಂಡಿಯಾಗಲು ಹಾತೊರೆಯುತ್ತಿವೆ.

ತೊಡಕು ಇಲ್ಲೇ. ಹಿತ್ತಾಳೆಯ ಕವಾಟವೋ, ಅಲ್ಯೂಮಿನಿಯಂ ಚೌಕಟ್ಟೋ ಎಂದು ಬಿಲ್ಲಿನಲ್ಲಿ ಕಾಣುವ ಸರಕು ದೂರದ ಯಾವುದೋ ಯುದ್ಧದಲ್ಲಿ ಆಯುಧದ ಭಾಗವಾಗಬಹುದು. 2024ರ ಅಕ್ಟೋಬರ್ 30ರಂದು ಅಮೆರಿಕ, ರಷ್ಯಾದ ಯುದ್ಧಯಂತ್ರಕ್ಕೆ ನೆರವಾದ ಆರೋಪದ ಮೇಲೆ ನಿರ್ಬಂಧ ಹೇರಿದ ಪಟ್ಟಿಯಲ್ಲಿ ಭಾರತದ ಕಂಪನಿಗಳೂ ಇದ್ದವು. ಅವುಗಳ ವ್ಯವಹಾರ ಭಾರತದ ಕಾನೂನನ್ನು ಉಲ್ಲಂಘಿಸಿಲ್ಲ ಎಂದ ವಿದೇಶಾಂಗ ಸಚಿವಾಲಯ, ರಫ್ತು ನಿಯಂತ್ರಣದ ಬಗ್ಗೆ ಕಂಪನಿಗಳಲ್ಲಿ ಅರಿವು ಮೂಡಿಸುವುದಾಗಿ ತಿಳಿಸಿತು. ನಮ್ಮ ಕಾನೂನಿನಲ್ಲಿ ತಪ್ಪಲ್ಲದ್ದು ಪರದೇಶದ ಕಾನೂನಿನಲ್ಲಿ ತಪ್ಪಾಗಿ, ಕಾರ್ಖಾನೆಗೆ ಬೀಗ ಬಿದ್ದರೆ ನಷ್ಟ ಇಲ್ಲಿನ ಕಾರ್ಮಿಕನಿಗೇ.

ಕೊಟ್ಟ ಮೇಲೆ ಏನಾಗುತ್ತದೆ?

ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆ ನಿರ್ಮಿಸಿದ ‘ಬರಾಕುಡಾ’ ಗಸ್ತು ನೌಕೆ 2015ರ ಮಾರ್ಚ್ 12ರಂದು ಮಾರಿಷಸ್ ಸೇವೆಗೆ ಸೇರಿದಾಗ, ಭಾರತ ರಫ್ತು ಮಾಡಿದ ಮೊದಲ ಯುದ್ಧನೌಕೆ ಎಂದು ಅದನ್ನು ಕೊಂಡಾಡಲಾಯಿತು. 2023ರ ಜುಲೈನಲ್ಲಿ ಐಎನ್‌ಎಸ್ ಕೃಪಾಣ್ ನೌಕೆಯನ್ನು ಆಯುಧಸಹಿತ ವಿಯೆಟ್ನಾಂಗೆ ಉಡುಗೊರೆಯಾಗಿ ಕೊಡಲಾಯಿತು. ಎರಡೂ ಮಿತ್ರ ರಾಷ್ಟ್ರಗಳೇ.

ಆದರೆ ಮಿತ್ರನ ಮನೆಯ ಯಜಮಾನ ಬದಲಾದರೆ? ಐಎನ್‌ಎಸ್ ಸಿಂಧುವೀರ್ ಜಲಾಂತರ್ಗಾಮಿಯನ್ನು ಮ್ಯಾನ್ಮಾರ್ ನೌಕಾಪಡೆಗೆ ಕೊಡುವ ವಿಷಯವನ್ನು ವಿದೇಶಾಂಗ ಸಚಿವಾಲಯ 2020ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅದೇ ವರ್ಷ ಡಿಸೆಂಬರ್ 24ರಂದು ಅದು ಆ ದೇಶದ ಸೇವೆಗೆ ಸೇರಿತು. 2021ರ ಫೆಬ್ರುವರಿ 1ರಂದು ಅಲ್ಲಿನ ಸೇನೆ ಚುನಾಯಿತ ಸರ್ಕಾರವನ್ನು ಕಿತ್ತೊಗೆದು ಅಧಿಕಾರ ಹಿಡಿಯಿತು. ನಡುವಣ ಅಂತರ ಆರು ವಾರವೂ ಇರಲಿಲ್ಲ. ಮ್ಯಾನ್ಮಾರ್ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇ ತಿಂಗಳಲ್ಲಿ ನೀಡಿದ ವರದಿ, ಸೇನಾ ದಂಗೆಯ ಬಳಿಕ ಭಾರತದ ಸರ್ಕಾರಿ ಹಾಗೂ ಖಾಸಗಿ ಸಂಸ್ಥೆಗಳಿಂದ 5.1 ಕೋಟಿ ಡಾಲರ್ ಮೌಲ್ಯದ ಆಯುಧ ಮತ್ತು ಸಂಬಂಧಿತ ಸಾಮಗ್ರಿ ಅಲ್ಲಿಗೆ ಹೋಗಿದೆ ಎಂದಿತು. ರಷ್ಯಾದ 40.6 ಕೋಟಿ, ಚೀನಾದ 26.7 ಕೋಟಿ ಡಾಲರ್‌ಗೆ ಹೋಲಿಸಿದರೆ ಇದು ಸಣ್ಣ ಮೊತ್ತ. ಈಶಾನ್ಯ ಗಡಿಯ ಭದ್ರತೆಗಾಗಿ ಅಲ್ಲಿನ ಸೇನೆಯೊಡನೆ ಸಂಬಂಧ ಅನಿವಾರ್ಯ ಎಂಬ ವಾದದಲ್ಲಿಯೂ ಹುರುಳಿದೆ. ಆದರೆ ಆಡಳಿತ ಬದಲಾದಾಗ ಹಳೆಯ ಪರವಾನಗಿಗಳನ್ನು ಮತ್ತೆ ಪರಿಶೀಲಿಸಲಾಯಿತೇ ಎಂಬುದನ್ನು ಜನರಿಗೆ ತಿಳಿಸುವ ವ್ಯವಸ್ಥೆ ನಮ್ಮಲ್ಲಿಲ್ಲ.

ನಿಗಾ ಎಂದರೆ ತಡೆಯುವುದು ಮಾತ್ರವೂ ಅಲ್ಲ. ಬೆಂಗಳೂರಿನ ಎಚ್‌ಎಎಲ್ ಈಕ್ವೆಡಾರ್‌ಗೆ ಏಳು ಧ್ರುವ ಹೆಲಿಕಾಪ್ಟರ್ ಮಾರಿತ್ತು. 2009ರಿಂದ 2015ರ ನಡುವೆ ಅವುಗಳಲ್ಲಿ ನಾಲ್ಕು ಅಪಘಾತಕ್ಕೀಡಾದವು. 2015ರ ಅಕ್ಟೋಬರ್‌ನಲ್ಲಿ ಆ ದೇಶ ಒಪ್ಪಂದವನ್ನೇ ರದ್ದುಪಡಿಸಿತು. ಮಾರಿದ ಮೇಲಿನ ನಿರ್ವಹಣೆ, ಬಿಡಿಭಾಗ ಪೂರೈಕೆಯ ಮೇಲೆ ಹೊರಗಿನವರ ಕಣ್ಣಿದ್ದರೆ ಸಂಸ್ಥೆಯ ಹೆಸರಿಗೂ ಒಳಿತು ಎಂಬ ಪಾಠ ಇದರಲ್ಲಿದೆ.

ಸಂಸತ್ತು, ನ್ಯಾಯಾಲಯ ಮತ್ತು ನಾವು

ಗಾಜಾ ಯುದ್ಧದ ವೇಳೆ ಇಸ್ರೇಲ್‌ಗೆ ಆಯುಧ ರಫ್ತು ಮಾಡುವ ಕಂಪನಿಗಳ ಪರವಾನಗಿ ರದ್ದುಪಡಿಸಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 9ರಂದು ತಳ್ಳಿಹಾಕಿತು. ವಿದೇಶಾಂಗ ನೀತಿ ಸರ್ಕಾರದ ಕ್ಷೇತ್ರ, ನ್ಯಾಯಾಲಯ ಅದರಲ್ಲಿ ಪ್ರವೇಶಿಸಲಾಗದು ಎಂಬುದು ಪೀಠದ ನಿಲುವು. ತೀರ್ಪು ತರ್ಕಬದ್ಧವೇ. ಹಾಗಾದರೆ ಉಳಿದ ಬಾಗಿಲು ಸಂಸತ್ತು. ಅಲ್ಲಿ ‘ವಿವರ ಬಹಿರಂಗಪಡಿಸಲಾಗದು’ ಎಂಬ ಉತ್ತರ. ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಮಿನಲ್ಲಿ ಭದ್ರತೆ ಮತ್ತು ವಿದೇಶ ಸಂಬಂಧದ ವಿನಾಯಿತಿ. ಎಲ್ಲ ಬಾಗಿಲೂ ಒಂದೇ ಗೋಡೆಗೆ ತೆರೆಯುತ್ತವೆ.

ಕೊಳ್ಳುವಾಗ ನಾವು ಕಂಡ ಅನುಭವ ಬೇರೆ. ಅಮೆರಿಕದಿಂದ ಕೊಂಡ ‘ಟ್ರೆಂಟನ್’ ಹಡಗು 2007ರ ಜೂನ್‌ನಲ್ಲಿ ಐಎನ್‌ಎಸ್ ಜಲಾಶ್ವ ಆಗಿ ನೌಕಾಪಡೆ ಸೇರಿತು. ಅದರ ಬಳಕೆಯ ಮೇಲೆ ಮಾರಿದ ದೇಶ ಹೇರಿದ ಷರತ್ತುಗಳನ್ನೂ, ಅಮೆರಿಕದವರ ತಪಾಸಣೆಯ ಹಕ್ಕನ್ನೂ ಸಿಎಜಿ 2008ರಲ್ಲಿ ಎತ್ತಿ ತೋರಿಸಿತು. ಭಾರತ ಕೊಳ್ಳಲು ಮುಂದಾದ 31 ಎಂಕ್ಯು-9ಬಿ ಡ್ರೋನ್‌ಗಳ ಸುಮಾರು 399 ಕೋಟಿ ಡಾಲರ್ ಮಾರಾಟದ ವಿವರವನ್ನು ಅಮೆರಿಕ ಸರ್ಕಾರ 2024ರ ಫೆಬ್ರುವರಿ 1ರಂದು ತನ್ನ ಕಾಂಗ್ರೆಸ್ ಮುಂದಿಟ್ಟಿತು. ಅಲ್ಲಿನ 1976ರ ಕಾನೂನು ಹಾಗೆ ಬಯಸುತ್ತದೆ. ಅವುಗಳಲ್ಲಿ 15 ನಮ್ಮ ನೌಕಾಪಡೆಗೆ. ಅಂದರೆ ನಮ್ಮ ಪಡೆಗೆ ಬರುವ ಆಯುಧದ ಲೆಕ್ಕ ಅಮೆರಿಕದ ಜನಪ್ರತಿನಿಧಿಗಳಿಗೆ ಗೊತ್ತು, ನಮ್ಮ ಊರಿನಿಂದ ಹೊರಹೋಗುವ ಆಯುಧದ ಲೆಕ್ಕ ನಮ್ಮ ಜನಪ್ರತಿನಿಧಿಗಳಿಗೆ ಗೊತ್ತಿಲ್ಲ. ಅಮೆರಿಕದ ಆ ವ್ಯವಸ್ಥೆ ಎಲ್ಲ ಅನಾಹುತವನ್ನೂ ತಡೆದಿದೆ ಎಂದು ಯಾರೂ ಹೇಳರು. ಕನಿಷ್ಠಪಕ್ಷ ದಾಖಲೆ ಉಳಿಯುತ್ತದೆ, ಪ್ರಶ್ನೆ ಕೇಳಲು ಆಸ್ಪದವಿರುತ್ತದೆ.

ಏನು ಮಾಡಬಹುದು?

ಉದ್ಯಮದ ಆತಂಕವನ್ನೂ ಅಲ್ಲಗಳೆಯಲಾಗದು. ಒಂದು ಸಹಿ ತಡವಾದರೆ ಬೇಡಿಕೆ ಬೇರೆ ದೇಶದ ಪಾಲಾಗುತ್ತದೆ, ಸ್ಪರ್ಧಿಗಳಿಗೆ ಬೆಲೆ ತಿಳಿದರೆ ವ್ಯಾಪಾರ ಕೆಡುತ್ತದೆ. ಹಾಗೆಂದೇ ಅನುಮತಿಯ ಹಾದಿಯನ್ನು ಉದ್ದ ಮಾಡುವ ಅಗತ್ಯವಿಲ್ಲ. ಮೂರು ಕ್ರಮಗಳು ಸಾಕು. ಬೆಲೆ, ಕಂಪನಿಯ ಹೆಸರಿಲ್ಲದೆ, ದೇಶವಾರು ಮತ್ತು ವರ್ಗವಾರು ರಫ್ತಿನ ವಾರ್ಷಿಕ ವರದಿಯನ್ನು ಸಂಸತ್ತಿನಲ್ಲಿ ಮಂಡಿಸುವುದು ಮೊದಲನೆಯದು. ಗೋಪ್ಯ ವಿವರಗಳನ್ನು ರಕ್ಷಣಾ ಸ್ಥಾಯಿ ಸಮಿತಿಯ ಮುಚ್ಚಿದ ಸಭೆಯ ಮುಂದಿಡುವುದು ಎರಡನೆಯದು. ಅಂತಿಮ ಬಳಕೆದಾರರ ಭರವಸೆ ಎಷ್ಟರಮಟ್ಟಿಗೆ ಪಾಲನೆಯಾಗಿದೆ ಎಂಬುದನ್ನು ಸಿಎಜಿಯಿಂದ ಪರಿಶೀಲಿಸುವುದು ಮೂರನೆಯದು.

ರಾಜ್ಯ ಸರ್ಕಾರಕ್ಕೆ ರಫ್ತು ಪರವಾನಗಿಯ ಅಧಿಕಾರವಿಲ್ಲ. ಆದರೆ ಭೂಮಿ, ನೀರು, ವಿದ್ಯುತ್ ಕೊಡುವ ಅಧಿಕಾರವಿದೆ. ದೊಡ್ಡಬಳ್ಳಾಪುರ, ನೆಲಮಂಗಲದ ಸಣ್ಣ ಉದ್ಯಮಿಗಳಿಗೆ ಸ್ಕೋಮೆಟ್ ನಿಯಮಗಳ ಕನ್ನಡ ಕೈಪಿಡಿ, ತಾಲ್ಲೂಕು ಮಟ್ಟದ ತರಬೇತಿ ಒದಗಿಸಲು ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಸಾಲದ ಹಣಕ್ಕಷ್ಟೇ ಹೊಂದುವುದಲ್ಲ. ಕೊಟ್ಟ ಹಣ ವಾಪಸು ಬಾರದಿದ್ದರೆ ನಷ್ಟ ಒಂದು ಮನೆಗೆ. ಕೊಟ್ಟ ಆಯುಧ ತಪ್ಪು ಕೈ ಸೇರಿದರೆ ಸಾಯುವವರು ಎಲ್ಲಿಯವರೋ, ಹೆಸರು ಕೆಡುವುದು ಮಾತ್ರ ನಮ್ಮದು. ಭೂಮಿ ಕೊಡಬೇಕೇ ಬೇಡವೇ ಎಂದು 1,198 ದಿನ ಪ್ರಶ್ನಿಸಿದ ತಾಲ್ಲೂಕಿಗೆ, ಆ ಭೂಮಿಯ ಮೇಲೆ ತಯಾರಾಗುವುದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕೂ ಇರಬೇಕಲ್ಲವೇ?