ಈ ಧನುರ್ಮಾಸಕ್ಕೆ ಪೈರಿಗೊಂದು ಪರದೆ ಕಟ್ಟೋಣ

ಮಾಂಬಳ್ಳಿ, ಅಗರ, ಯಳಂದೂರು ಸುತ್ತಮುತ್ತಲಿನ ರೈತ ಬಂಧುಗಳೇ, ಅಕ್ಕತಂಗಿಯರೇ,

ಧನುರ್ಮಾಸದ ಚಳಿ ಬಿದ್ದರೆ ಟೊಮೊಟೊ, ಬದನೆ, ಮೆಣಸಿನಕಾಯಿ ಒಟ್ಲು ಬಿಡಲು ನಾವು ಹಿಂದೆಮುಂದೆ ನೋಡುತ್ತೇವೆ. ಬೀಜ ಬೇಗ ಮೊಳೆಯದು, ಮೊಳೆತದ್ದು ಮೇಲೇಳದು. ಸಂಕ್ರಾಂತಿ ಕಳೆಯಲಿ ಎಂದು ಕಾಯುತ್ತೇವೆ. ಅಷ್ಟು ಹೊತ್ತಿಗೆ ಬಿಸಿಲೇರಿ ಬಿಳಿ ನೊಣ ಎದ್ದಿರುತ್ತದೆ. ಅದು ಟೊಮೊಟೊಗೆ ಹೊತ್ತು ತರುವ ಎಲೆ ಮುದುಡು ರೋಗ ನಂಜಾಣುವಿನದು. ಒಮ್ಮೆ ತಗುಲಿದರೆ ವಾಸಿ ಮಾಡುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಪೈರು ಎಳೆಯದಾಗಿದ್ದಾಗಲೇ ತಗುಲಿದರಂತೂ ಬೇಸಿಗೆಯ ಫಸಲು ಪೂರಾ ಕೈತಪ್ಪುವುದುಂಟು. ಸಾಲ ಮಾತ್ರ ನಮ್ಮ ಹೆಸರಲ್ಲೇ ಉಳಿಯುತ್ತದೆ.

ಈ ಸಲ ಕಾಯುವುದು ಬೇಡ. ಮಡಿಗೆ ಹೊದಿಕೆ ಹಾಕಿ ಧನುರ್ಮಾಸದಲ್ಲೇ ಒಟ್ಲು ಬಿಡೋಣ ಎಂದು ಕೈಮುಗಿದು ಕೇಳುತ್ತಿದ್ದೇನೆ.

ಇದು ನಮಗೆ ಹೊಸ ವಿದ್ಯೆಯೇನಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂದು ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಹುಳು ಮನೆಯ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟಿ ಅದನ್ನು ಹೊರಗಿಡುವುದನ್ನು ರೇಷ್ಮೆಯ ಈ ಸೀಮೆ ಚೆನ್ನಾಗಿ ಕಲಿತಿದೆ. ಹುಳುವಿಗೆ ಮಾಡಿದ್ದನ್ನೇ ಪೈರಿಗೂ ಮಾಡಬೇಕು, ಅಷ್ಟೆ. ಆದರೆ ಒಂದು ಎಚ್ಚರ: ಊಜಿಗೆ ಕಟ್ಟಿದ ಪರದೆಯಾಗಲಿ, ಮನೆಯ ಸೊಳ್ಳೆ ಪರದೆಯಾಗಲಿ ಇಲ್ಲಿ ಸಾಲದು. ಬಿಳಿ ನೊಣದ ಉದ್ದವೇ ಸುಮಾರು ಒಂದು ಮಿಲಿಮೀಟರ್. ಸೊಳ್ಳೆ ಪರದೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತದೆ. ಅಂಗಡಿಯಲ್ಲಿ 40ರಿಂದ 50 ಮೆಶ್ ನೈಲಾನ್ ಪರದೆ ಎಂದೇ ಕೇಳಿ, ಅಂದರೆ ಒಂದು ಅಂಗುಲಕ್ಕೆ ಅಷ್ಟು ಕಣ್ಣಿರುವುದು. ಜೋಪಾನ ಮಾಡಿದರೆ ಅದು ಹಲವು ಬೆಳೆಗೆ ಬರುತ್ತದೆ.

ಜಾಗ ಎಷ್ಟು ಬೇಕು ಎಂದು ಹೆದರಬೇಡಿ. 98 ಕುಳಿಯ ಟ್ರೇ ನೂರು ಇಟ್ಟರೆ ಸುಮಾರು ಹತ್ತು ಸಾವಿರ ಪೈರು, ಒಂದು ಎಕರೆ ಟೊಮೊಟೊಗೆ ಧಾರಾಳ. ನೂರು ಟ್ರೇಗೆ ನಾಲ್ಕು ಅಡಿ ಅಗಲ, ನಲವತ್ತೈದು ಅಡಿ ಉದ್ದದ ಮಡಿ ಸಾಕು. ಟ್ರೇ ಇಲ್ಲದಿದ್ದರೆ ನೆಲದಿಂದ ಅರ್ಧ ಅಡಿ ಎತ್ತರಿಸಿದ ಮಡಿಯಲ್ಲೇ ಬಿಡಿ. ಬಿದಿರಿನ ದಬ್ಬೆಯನ್ನು ಬಿಲ್ಲಿನಂತೆ ಬಗ್ಗಿಸಿ, ಮೂರು ಅಡಿಗೊಂದರಂತೆ ಎರಡೂ ಬದಿಗೆ ನೆಡಿ. ನಡುವೆ ಎರಡು ಎರಡೂವರೆ ಅಡಿ ಎತ್ತರ ಸಿಕ್ಕಬೇಕು. ಅದರ ಮೇಲೆ ಪರದೆ ಎಳೆದು ಸುತ್ತಲೂ ಅಂಚನ್ನು ಮಣ್ಣಿನಲ್ಲಿ ಹೂಳಿ. ಅಂಚು ಒಂದು ಕಡೆ ಎದ್ದಿದ್ದರೂ ಪಟ್ಟ ಶ್ರಮವೆಲ್ಲ ವ್ಯರ್ಥ. ರಾತ್ರಿ ಚಳಿಗೆ ಅದರ ಮೇಲೆ ತೆಳು ಬಿಳಿ ಪಾಲಿಥಿನ್ ಹೊದಿಸಿ. ಟೊಮೊಟೊ ಬೀಜ ಚೆನ್ನಾಗಿ ಮೊಳೆಯುವುದು 25ರಿಂದ 30 ಡಿಗ್ರಿಯಲ್ಲಿ. ಆ ಕಾವು ಸಿಕ್ಕರೆ ಒಂದು ವಾರದೊಳಗೆ ಮೊಳಕೆ ಕಾಣುತ್ತದೆ.

ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ಪಾಲಿಥಿನ್ ತೆಗೆಯಲೇಬೇಕು. ಮರೆತರೆ ಮಧ್ಯಾಹ್ನದ ಕಾವಿಗೆ ಪೈರು ಬೇಯುತ್ತದೆ. ಒಳಗೆ ತೇವ ನಿಂತರೆ ಬುಡ ಕೊಳೆತು ಸಾಲುಸಾಲೇ ಮಲಗುತ್ತದೆ. ಮನೆಯಲ್ಲಿ ಒಬ್ಬರು ಇದರ ಹೊಣೆ ಹೊರಲಿ. ಹೆಚ್ಚಿನ ಮನೆಗಳಲ್ಲಿ ಆ ಹೊಣೆ ಹೆಂಗಸರ ಮೇಲೇ ಬೀಳುತ್ತದೆ. ಹಾಗಿದ್ದರೆ ಪೈರು ಮಾರಿದ ಹಣವೂ ಅವರ ಕೈಗೇ ಬರಲಿ ಎಂಬುದು ನನ್ನ ಆಗ್ರಹ. ನಾಟಿಗೆ ಒಂದು ವಾರ ಮುಂಚೆ ನೀರು ತಗ್ಗಿಸಿ, ಪಾಲಿಥಿನ್ ಪೂರ್ತಿ ಬಿಟ್ಟು, ಪೈರನ್ನು ಗಾಳಿ ಬಿಸಿಲಿಗೆ ಒಗ್ಗಿಸಿ. ಪರದೆ ಮಾತ್ರ ಕೀಳುವ ದಿನದವರೆಗೂ ಇರಲಿ.

ಬೇಸಿಗೆ ಒಟ್ಲಿಗೆ ಪಾಲಿಥಿನ್ ಬೇಡ, ಪರದೆಯ ಮೇಲೆ ನೆರಳು ಸಾಕು. ಅಟ್ಟದಲ್ಲಿ ರೇಷ್ಮೆ ಗೂಡು ಕಟ್ಟಿಸುವ ಹಳೇ ಚಂದ್ರಿಕೆಗಳಿದ್ದರೆ ಅವನ್ನೇ ಗೂಟದ ಮೇಲೆ ಮಲಗಿಸಿ. ಸೌತೆ, ಹೀರೆ, ಹಾಗಲಕ್ಕೆ ಹೊಲದಲ್ಲೇ ಸಾಲಿನ ಮೇಲೆ ಹೊದಿಕೆ ಹಾಕುವವರು ಹೂ ಕಂಡ ದಿನವೇ ತೆಗೆಯಿರಿ. ಜೇನು ಒಳಗೆ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ.

ಇನ್ನೊಂದು ಮಾತನ್ನು ಸ್ವಲ್ಪ ಬಲವಾಗಿಯೇ ಹೇಳಬೇಕು. ನಮ್ಮಲ್ಲಿ ತರಕಾರಿ ಹೊಲದ ಬದುವಿನಾಚೆಗೇ ಹಿಪ್ಪುನೇರಳೆ ಇರುತ್ತದೆ. ಬಿಳಿ ನೊಣಕ್ಕೆಂದು ಹೊಡೆಯುವ ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ರೇಷ್ಮೆ ಹುಳುವಿಗೆ ಘೋರ ವಿಷ. ಗಾಳಿಯಲ್ಲಿ ತೇಲಿ ಸೊಪ್ಪಿನ ಮೇಲೆ ಕೂತರೆ ನೆರೆಯವರ ಹುಳು ತಟ್ಟೆಯಲ್ಲೇ ಸಾಯುತ್ತದೆ, ಜಗಳ ಊರ ಮುಂದಕ್ಕೆ ಬರುತ್ತದೆ. ಒಟ್ಲಿಗೆ ಪರದೆ ಇದ್ದರೆ ಆ ಮೂರು ನಾಲ್ಕು ವಾರ ಇಂಥ ಔಷಧಿಯ ಅಗತ್ಯವೇ ಬಹಳ ಕಡಿಮೆ. ಪಕ್ಕದವರ ಗೂಡು ಉಳಿಯುತ್ತದೆ ಎಂಬುದೊಂದೇ ಕಾರಣಕ್ಕಾದರೂ ಇದನ್ನು ಮಾಡಬೇಕು.

ಬೆಲೆ ಸಿಕ್ಕೇ ಸಿಗುತ್ತದೆಂದು ನಾನು ಮಾತು ಕೊಡಲಾರೆ. ಆದರೆ ಎಲ್ಲರ ಕೊಯ್ಲೂ ಒಂದೇ ವಾರ ಮಂಡಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಉಂಡಿದ್ದೇವೆ. ಧನುರ್ಮಾಸದಲ್ಲೇ ಒಟ್ಲು ಬಿಟ್ಟು ಜನವರಿ ಕೊನೆಗೆ ನಾಟಿ ಮಾಡಿದ ಟೊಮೊಟೊ ಯುಗಾದಿಯ ಆಸುಪಾಸಿಗೆ ಕೊಯ್ಲಿಗೆ ಬರುತ್ತದೆ, ಗಿಡ ಗಟ್ಟಿಯಾದ ಮೇಲೆ ಬಿಳಿ ನೊಣದ ಕಾಟ ಎದುರಾಗುತ್ತದೆ.

ಒಬ್ಬರಿಗೆ ಕಷ್ಟವಾದರೆ ನಾಲ್ಕೈದು ಮನೆ ಸೇರಿ, ಅಥವಾ ಸ್ತ್ರೀಶಕ್ತಿ ಸಂಘದ ಮೂಲಕ, ಕೇರಿಗೊಂದು ಮಡಿ ಮಾಡಿ. ಪ್ಲಾಸ್ಟಿಕ್ ಸುರಂಗ, ನೆರಳು ಪರದೆಗಳಿಗೆ ರಾಷ್ಟ್ರೀಯ ತೋಟಗಾರಿಕೆ ಮಿಷನ್‌ನಲ್ಲಿ ಸಹಾಯಧನದ ಅವಕಾಶವಿದೆ. ಖರೀದಿಗೆ ಮುಂಚೆಯೇ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಆಮೇಲೆ ಕೇಳಿದರೆ ಸಿಗದೆ ಹೋಗಬಹುದು. ಅನುಮಾನ ಬಂದರೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ. ಹರಿದ ಪಾಲಿಥಿನ್ ಅನ್ನು ಕಾಲುವೆಗೆ, ಕೆರೆಗೆ ಎಸೆಯಬೇಡಿ, ಸುಡಲೂ ಬೇಡಿ. ದನ ತಿನ್ನದಂತೆ ಸುತ್ತಿಟ್ಟು ಗುಜರಿಗೆ ಕೊಡಿ. ಕಾರ್ತಿಕ ಮುಗಿಯುವುದರೊಳಗೆ ದಬ್ಬೆ ಸೀಳಿ, ಪರದೆ ತಂದಿಟ್ಟುಕೊಳ್ಳಿ.